ಹೊಸ ಲ್ಯಾಪ್‌ಟಾಪ್, ಮೂರು ಸಲ ಹುಬ್ಬಳ್ಳಿ

2025ರ ಜೂನ್ 14ರ ಶನಿವಾರ ಕುಮಟಾದ ಅಂಗಡಿಯೊಂದರಲ್ಲಿ 58,990 ರೂಪಾಯಿ ಕೊಟ್ಟು ಲ್ಯಾಪ್‌ಟಾಪ್ ಕೊಂಡೆ. ಸೆಪ್ಟೆಂಬರ್ 23ರಂದು ಕಂಪನಿ ಅದನ್ನು ಹಿಂದಕ್ಕೆ ಪಡೆದು ಬೇರೊಂದನ್ನು ಕೊಟ್ಟಿತು. ಈ 101 ದಿನಗಳಲ್ಲಿ 53 ದಿನ ಅದು ಇದ್ದದ್ದು ಹುಬ್ಬಳ್ಳಿಯ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ. ಕಂಪನಿಯ ಹೆಸರನ್ನಾಗಲಿ ಸೆಂಟರಿನ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಯಾವ ಕಂಪನಿಯ ಯಂತ್ರ ಕೊಂಡವರಿಗೂ ಇಂಥದೇ ಕೌಂಟರು, ಇಂಥದೇ ಜಾಬ್ ಶೀಟ್ (ರಿಪೇರಿಗೆ ಕೊಟ್ಟಾಗ ದೋಷವನ್ನು ಬರೆದುಕೊಳ್ಳುವ ಹಾಳೆ), ಇಂಥದೇ ಒಟಿಪಿ ಎದುರಾಗಬಹುದು. ನಾನು ಹೇಳಬೇಕಾದದ್ದು ಅವುಗಳ ಬಗ್ಗೆ. ಲ್ಯಾಪ್‌ಟಾಪಿನ ಪರದೆ ಚೆನ್ನಾಗಿತ್ತು, ತೂಕ ಕಡಿಮೆ ಇತ್ತು, ಬೆಲೆಯೂ ನ್ಯಾಯವಾದದ್ದೇ. ಕೆಟ್ಟದ್ದಾಗಿದ್ದದ್ದು ವಾರಂಟಿಯ ರಿಪೇರಿ.

ನಾನು ಮನೆಯಲ್ಲೇ ಡಿಟಿಪಿ ಕೆಲಸ ಮಾಡುತ್ತೇನೆ. ಮದುವೆ, ಉಪನಯನದ ಆಮಂತ್ರಣ ಪತ್ರಿಕೆ, ಯಕ್ಷಗಾನ ಮೇಳದ ಕರಪತ್ರ, ಶಾಲೆಗಳ ವಾರ್ಷಿಕ ಸಂಚಿಕೆ ಇವೆಲ್ಲ ವರ್ಷವಿಡೀ ಬರುತ್ತವೆ. ಆದರೆ ಹೊಟ್ಟೆ ತುಂಬಿಸುವುದು ಸಹಕಾರಿ ಸಂಘಗಳ ವಾರ್ಷಿಕ ವರದಿ. ಸಂಘಗಳ ಮಹಾಸಭೆ ಸೆಪ್ಟೆಂಬರ್‌ನಲ್ಲಿ ನಡೆಯುತ್ತದೆ, ಅದಕ್ಕೆ ಮೊದಲೇ ವರದಿ ಅಚ್ಚಾಗಿ ಸದಸ್ಯರ ಮನೆ ತಲುಪಬೇಕು. ಹಾಗಾಗಿ ಜುಲೈ ನಡುವಿನಿಂದ ಆಗಸ್ಟ್ ಕೊನೆಯವರೆಗೆ ನಾನು ರಾತ್ರಿ ಹನ್ನೊಂದರವರೆಗೂ ಜಮಾ ಖರ್ಚಿನ ಪಟ್ಟಿಗಳನ್ನು ಜೋಡಿಸುತ್ತಾ ಕುಳಿತಿರುತ್ತೇನೆ. ಒಂಬತ್ತು ವರ್ಷದ ಹಳೆಯ ಡೆಸ್ಕ್‌ಟಾಪ್ ದೊಡ್ಡ ಕಡತ ತೆರೆಯುವಾಗ ತಡವರಿಸತೊಡಗಿತ್ತು. ಈ ಹಂಗಾಮಿಗೆ ಹೊಸದು ಇರಲಿ ಎಂದೇ ಜೂನ್‌ನಲ್ಲಿ ಕೊಂಡದ್ದು.

ಅಂಗಡಿಯ ಅಣ್ಣ ಪರಿಚಯದವರು. ಡಬ್ಬದ ಮೇಲಿನ ಸಾಲನ್ನು ಬೆರಳಿಟ್ಟು ತೋರಿಸಿ, "ಒಂದು ವರ್ಷ ಆನ್‌ಸೈಟ್ ವಾರಂಟಿ, ಮನೆಗೇ ಬಂದು ಸರಿ ಮಾಡುತ್ತಾರೆ" ಎಂದರು. ಅವರೂ ನಂಬಿದ್ದರು, ನಾನೂ ನಂಬಿದೆ. ಆನ್‌ಸೈಟ್ ಎಂದರೆ ಕಂಪನಿಯ ಪಟ್ಟಿಯಲ್ಲಿರುವ ಪಿನ್‌ಕೋಡ್‌ಗಳಿಗೆ ಮಾತ್ರ ಎಂಬುದು ಆಮೇಲೆ ಸಹಾಯವಾಣಿಗೆ ಫೋನ್ ಮಾಡಿದಾಗ ತಿಳಿಯಿತು. ನಮ್ಮ 581343 ಆ ಪಟ್ಟಿಯಲ್ಲಿ ಇರಲಿಲ್ಲ. ಕಾರವಾರದಿಂದ ಭಟ್ಕಳದವರೆಗೆ, ಮೇಲೆ ಶಿರಸಿ, ಸಿದ್ದಾಪುರದಲ್ಲಿ ಲ್ಯಾಪ್‌ಟಾಪ್ ಕೊಳ್ಳುವವರು ಹಣ ಕೊಡುವ ಮೊದಲೇ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ, ನಮ್ಮ ಪಿನ್‌ಕೋಡಿಗೆ ತಂತ್ರಜ್ಞರು ಬರುತ್ತಾರೆಯೇ ಎಂದು ಕೇಳಬೇಕು. ಐದು ನಿಮಿಷದ ಕೆಲಸ. ನಾನು ಅದನ್ನು ಮಾಡಿದ್ದರೆ ಇನ್ನೊಂದು ಕಂಪನಿಯ ಯಂತ್ರವನ್ನು ಆರಿಸಿಕೊಳ್ಳುತ್ತಿದ್ದೆ.

ಜುಲೈ 3ರ ಸಂಜೆ ಮೊದಲ ಬಾರಿ ಅದು ತಾನಾಗಿ ಆರಿತು. ಎಚ್ಚರಿಕೆಯ ಸಂದೇಶವಿಲ್ಲ, ನೀಲಿ ಪರದೆಯಿಲ್ಲ, ದೀಪ ಊದಿದ ಹಾಗೆ ಪರದೆ ಕಪ್ಪಾಯಿತು. ಮಳೆಗಾಲವಾದ್ದರಿಂದ ಕರೆಂಟಿನ ಏರಿಳಿತ ಇರಬೇಕೆಂದು ಚಾರ್ಜರ್ ತೆಗೆದು ಬರೀ ಬ್ಯಾಟರಿಯ ಮೇಲೆ ನಡೆಸಿದೆ. ಬ್ಯಾಟರಿ 80 ಪ್ರತಿಶತ ಇದ್ದಾಗಲೇ ಮತ್ತೆ ಆರಿತು. ಗೋಡೆಯ ಕರೆಂಟಿಗೂ ಈ ದೋಷಕ್ಕೂ ಸಂಬಂಧವಿಲ್ಲ ಎಂಬುದು ಅಲ್ಲಿಗೆ ಖಚಿತವಾಯಿತು. ಬೆಂಗಳೂರಿನಲ್ಲಿರುವ ಅಕ್ಕನ ಮಗ ಫೋನಿನಲ್ಲೇ ದಾರಿ ಹೇಳಿ ಯಂತ್ರದ ಆಗುಹೋಗುಗಳ ದಾಖಲೆ ತೋರಿಸುವ ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆಸಿದ. ಐದು ದಿನಗಳಲ್ಲಿ 23 ಬಾರಿ 'ಕರ್ನಲ್-ಪವರ್ 41' ಎಂಬ ದಾಖಲೆ. ಸರಿಯಾಗಿ ಮುಚ್ಚದೆಯೇ ಯಂತ್ರ ನಿಂತುಹೋಯಿತು ಎಂಬುದಷ್ಟೇ ಅದರ ಅರ್ಥ. ಏಕೆ ನಿಂತಿತು ಎಂಬುದನ್ನು ಅದು ಹೇಳುವುದಿಲ್ಲ. ಆದರೂ ದಿನಾಂಕ, ಗಂಟೆ, ನಿಮಿಷದ ಸಮೇತ ಸಾಕ್ಷಿ ಸಿಕ್ಕಿತು. ಅದರ ಫೋಟೊ ತೆಗೆದುಕೊಂಡೆ. ಮೇಜಿನ ಮೇಲೆ ಮೊಬೈಲ್ ನಿಲ್ಲಿಸಿ, ಯಂತ್ರ ಆರುವುದನ್ನು ಎರಡು ಬಾರಿ ವಿಡಿಯೊ ಕೂಡ ಮಾಡಿದೆ.

ಜುಲೈ 8ರಂದು ಮೊದಲ ಪ್ರಯಾಣ. ಕುಮಟಾದಿಂದ ಅಂಕೋಲಾ, ಅರಬೈಲು ಘಟ್ಟ, ಯಲ್ಲಾಪುರ, ಕಲಘಟಗಿ ದಾಟಿ ಹುಬ್ಬಳ್ಳಿ, ಸುಮಾರು 160 ಕಿಲೋಮೀಟರ್. ಶಕ್ತಿ ಯೋಜನೆಯ ಶೂನ್ಯ ದರದ ಟಿಕೆಟ್ ಇರುವುದರಿಂದ ಬಸ್ಸಿಗೆ ನನಗೆ ಖರ್ಚಾಗಲಿಲ್ಲ. ಆದರೆ ಮಳೆಯಲ್ಲಿ ಹೋಗಲು ಐದು ಗಂಟೆ, ಬರಲು ಐದು ಗಂಟೆ. ಶಿರೂರಿನಲ್ಲಿ ಗುಡ್ಡ ಕುಸಿದ ದುರಂತಕ್ಕೆ ಒಂದು ವರ್ಷ ತುಂಬಲು ಎಂಟೇ ದಿನ ಉಳಿದಿತ್ತು. ಆ ಜಾಗ ಬರುತ್ತಿದ್ದಂತೆ ಬಸ್ಸಿನೊಳಗಿನ ಮಾತೆಲ್ಲ ನಿಂತು ಎಲ್ಲರೂ ಕಿಟಕಿಯಿಂದ ಮೇಲೆ ಗುಡ್ಡವನ್ನೇ ನೋಡಿದೆವು. ಮಳೆಗಾಲದಲ್ಲಿ ಕರಾವಳಿಯಿಂದ ಘಟ್ಟ ಹತ್ತುವುದು ಎಂದರೆ ಏನೆಂದು ಟೋಲ್ ಫ್ರೀ ಸಂಖ್ಯೆಯ ಆ ಕಡೆ ಕುಳಿತು "ಹತ್ತಿರದ ಸರ್ವಿಸ್ ಸೆಂಟರಿಗೆ ಭೇಟಿ ಕೊಡಿ" ಎನ್ನುವವರಿಗೆ ಗೊತ್ತಿಲ್ಲ. ಅವರ ನಕಾಶೆಯಲ್ಲಿ ಹುಬ್ಬಳ್ಳಿ ನಮಗೆ ಹತ್ತಿರ.

ಈಗ ಈ ಬರಹದ ಮುಖ್ಯ ಭಾಗಕ್ಕೆ ಬರುತ್ತೇನೆ.

ಕೌಂಟರಿನಲ್ಲಿ ಕುಳಿತ ಹುಡುಗನಿಗೆ ಎಲ್ಲವನ್ನೂ ಹೇಳಿದೆ. ತಾನಾಗಿ ಆರುತ್ತದೆ, ಬ್ಯಾಟರಿಯ ಮೇಲೂ ಆರುತ್ತದೆ, ದಿನಕ್ಕೆ ನಾಲ್ಕೈದು ಸಲ, ವಿಡಿಯೊ ಇದೆ. ಅವನು ತಲೆಯಾಡಿಸುತ್ತಾ ಕಂಪ್ಯೂಟರಿನಲ್ಲಿ ಒಂದು ಪಟ್ಟಿ ತೆರೆದು ಏನನ್ನೋ ಆರಿಸಿದ. ಜಾಬ್ ಶೀಟ್ ಅಚ್ಚಾಗಿ ಬಂತು. ಹಿಂದೆ ಏಳು ಜನ ನಿಂತಿದ್ದರು, ನನಗೆ ಎರಡು ಗಂಟೆಯ ಬಸ್ಸು ಹಿಡಿಯಬೇಕಿತ್ತು, ಸಹಿ ಹಾಕಿ ಬಂದೆ. ಬಸ್ಸಿನಲ್ಲಿ ಕುಳಿತು ಓದಿದಾಗ, ದೋಷದ ವಿವರದ ಜಾಗದಲ್ಲಿ ಇಂಗ್ಲಿಷಿನಲ್ಲಿ ಎರಡೇ ಪದ ಇದ್ದವು: ಸ್ಲೋ, ಹ್ಯಾಂಗ್.

ನಾನು ಹೇಳಿದ್ದರಲ್ಲಿ ಆ ಎರಡೂ ಇರಲಿಲ್ಲ. ಕಲಘಟಗಿ ದಾಟುವುದರೊಳಗೆ ಸೆಂಟರಿಗೆ ಫೋನ್ ಮಾಡಿ ತಿದ್ದಲು ಕೇಳಿದೆ. "ಇಂಜಿನಿಯರ್ ಹೇಗೂ ಪೂರ್ತಿ ಪರೀಕ್ಷೆ ಮಾಡುತ್ತಾರೆ ಮೇಡಂ, ಚಿಂತೆ ಮಾಡಬೇಡಿ" ಎಂದರು. ಮಾಡಲಿಲ್ಲ. ಒಳಗೆ ರಿಪೇರಿಯ ಮೇಜಿನ ಮುಂದೆ ಕುಳಿತವನಿಗೆ ನನ್ನ ದನಿ ಕೇಳುವುದಿಲ್ಲ, ವಿಡಿಯೊ ಕಾಣುವುದಿಲ್ಲ. ಅವನ ಕೈ ಸೇರುವುದು ಆ ಶೀಟ್ ಮಾತ್ರ. ಸ್ಲೋ ಎಂದು ಬರೆದಿದ್ದರೆ ಅವನು ಮಾಡುವ ಕೆಲಸ ಒಂದೇ, ವಿಂಡೋಸ್ ಅಳಿಸಿ ಹೊಸದಾಗಿ ಹಾಕುವುದು. ಅದನ್ನೇ ಮಾಡಿದ. ಬಳಿಕ ಒಂದೆರಡು ಗಂಟೆ ಚಾಲೂ ಇಟ್ಟು ನೋಡಿ 'ದೋಷ ಕಂಡುಬಂದಿಲ್ಲ' ಎಂದು ಬರೆದ. ಯಂತ್ರದಲ್ಲಿ ಸಂಘವೊಂದರ ವರದಿಯ ಮೂರು ದಿನದ ಕೆಲಸವಿತ್ತು. ಪದೇ ಪದೇ ಆರುತ್ತಿದ್ದುದರಿಂದ ಅದನ್ನು ಪೆನ್‌ಡ್ರೈವಿಗೆ ಪೂರ್ತಿ ಇಳಿಸಿಕೊಳ್ಳಲು ಆಗಿರಲಿಲ್ಲ, ಇದನ್ನೂ ಕೌಂಟರಿನಲ್ಲಿ ಹೇಳಿದ್ದೆ. ಕಡತಗಳ ಹೊಣೆ ಗ್ರಾಹಕರದ್ದು ಎಂದು ಶೀಟಿನ ಹಿಂಬದಿ ಸಣ್ಣ ಅಕ್ಷರದಲ್ಲಿದೆ, ನಿಜ. ಆದರೂ ಅಳಿಸುವ ಮೊದಲು ಒಂದು ಫೋನ್ ಮಾಡಬಹುದಿತ್ತು. ಜಮಾ ಖರ್ಚಿನ 14 ಪುಟಗಳನ್ನು ಮೊದಲಿನಿಂದ ಟೈಪ್ ಮಾಡಿದೆ. ಆ ಸಂಘದ ಕಾರ್ಯದರ್ಶಿಯವರಿಗೆ ತಡವಾಗುತ್ತದೆ ಎಂದು ಹೇಳಬೇಕಾಗಿ ಬಂದದ್ದು ಇಂದಿಗೂ ನೋಯಿಸುತ್ತದೆ. ಹನ್ನೊಂದು ವರ್ಷದಲ್ಲಿ ಅವರ ವರದಿಯನ್ನು ನಾನು ಒಂದು ದಿನವೂ ತಡ ಮಾಡಿರಲಿಲ್ಲ.

ಜುಲೈ 15ರಂದು ಕೂಲಿ ಕೊಟ್ಟು ಒಬ್ಬರಿಂದ ಯಂತ್ರ ತರಿಸಿಕೊಂಡೆ. ಅದು ಇನ್ನೂ ದಾರಿಯಲ್ಲಿದ್ದಾಗಲೇ ನನ್ನ ಮೊಬೈಲಿಗೆ ಒಟಿಪಿ ಬಂತು, ಹಿಂದೆಯೇ ಸೆಂಟರಿನಿಂದ ಫೋನು. "ಯಂತ್ರ ಕೊಟ್ಟಿದ್ದೇವೆ, ಒಟಿಪಿ ಹೇಳಿ." ಹೇಳಿಬಿಟ್ಟೆ. ಆ ಒಟಿಪಿ ಎಂದರೆ ರಿಪೇರಿ ನನಗೆ ತೃಪ್ತಿಯಾಗಿದೆ ಎಂಬ ಒಪ್ಪಿಗೆ ಎಂದು ಯಾರೂ ವಿವರಿಸಲಿಲ್ಲ. ಕಂಪನಿಯ ದಾಖಲೆಯಲ್ಲಿ ನನ್ನ ದೂರು ಅಲ್ಲಿಗೆ ಮುಗಿಯಿತು. ರಾತ್ರಿ ಊಟಕ್ಕೆ ಏಳುವ ಮೊದಲು ಲ್ಯಾಪ್‌ಟಾಪ್ ಮತ್ತೆ ಆರಿತು.

ಎರಡನೆಯ ಬಾರಿ, ಜುಲೈ 21ರಂದು, ಕೌಂಟರಿನ ಮುಂದೆ ನಿಂತು ಒಂದು ನಿರ್ಧಾರ ಮಾಡಿದೆ. ನಾನು ಹೇಳಿದ್ದು ಹೇಳಿದ ಹಾಗೆಯೇ ಶೀಟಿನಲ್ಲಿ ಬರುವವರೆಗೆ ಸಹಿ ಹಾಕುವುದಿಲ್ಲ. ಪಟ್ಟಿಯಲ್ಲಿ ಅಂಥ ಆಯ್ಕೆ ಇಲ್ಲ ಎಂದ ಹುಡುಗ. ಷರಾ ಬರೆಯುವ ಜಾಗ ಇರುತ್ತದಲ್ಲ, ಅಲ್ಲಿ ಬರೆಯಿರಿ ಎಂದೆ. ಮನೆಯಲ್ಲೇ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು ಒಯ್ದಿದ್ದೆ: ಬ್ಯಾಟರಿಯ ಮೇಲೂ ಚಾರ್ಜರಿನ ಮೇಲೂ ತಾನಾಗಿ ಆರುತ್ತದೆ, ವಿಂಡೋಸ್ ಹೊಸದಾಗಿ ಹಾಕಿದ ಮೇಲೂ ಮುಂದುವರಿದಿದೆ, ಹಿಂದಿನ ಜಾಬ್ ಸಂಖ್ಯೆ ಇಂಥದು, ನನ್ನ ಒಪ್ಪಿಗೆಯಿಲ್ಲದೆ ಕಡತ ಅಳಿಸಬಾರದು. ಹಿಂದಿನ ಸಾಲಿನಲ್ಲಿದ್ದವರಲ್ಲಿ ಇಬ್ಬರು ಗೊಣಗಿದರು. ಹಾವೇರಿ ಕಡೆಯ ಒಬ್ಬ ಹಿರಿಯರು, "ಬರೆಸಿಕೊಳ್ಳಿ ತಾಯಿ, ನಾನೂ ಇದು ಮೂರನೆಯ ಸಲ ಬಂದಿರುವುದು" ಎಂದರು. ಹುಡುಗ ನಾಲ್ಕೂ ಸಾಲು ಟೈಪ್ ಮಾಡಿದ. ಮುಚ್ಚಳ, ತಳ, ನಾಲ್ಕು ಅಂಚು, ತಳದ ಸೀರಿಯಲ್ ಸಂಖ್ಯೆಯ ಚೀಟಿ ಎಲ್ಲವನ್ನೂ ಅವನ ಎದುರಿಗೇ ಫೋಟೊ ತೆಗೆದುಕೊಂಡೆ. ಗೀರು ಇಲ್ಲ, ಬಿರುಕು ಇಲ್ಲ, ತಳದಲ್ಲಿ ಸ್ಕ್ರೂ ಎಲ್ಲ ಇವೆ.

ಫಲ ಕಾಣಿಸಿತು. ಈ ಸಲ ಯಂತ್ರವನ್ನು ಎರಡು ದಿನ ಚಾಲೂ ಇಟ್ಟರು, ಅವರ ಕಣ್ಣೆದುರೇ ಆರಿತು, ಯಂತ್ರದ ಮುಖ್ಯ ಸರ್ಕ್ಯೂಟ್ ಹಲಗೆಯಾದ ಮದರ್‌ಬೋರ್ಡ್ ಬದಲಿಸಬೇಕೆಂದು ತೀರ್ಮಾನಿಸಿದರು. ಅದೇ ಯಂತ್ರ, ಅದೇ ಜನ, ಅದೇ ಮೇಜು. ಬದಲಾಗಿದ್ದದ್ದು ಶೀಟಿನ ಮೇಲಿನ ನಾಲ್ಕು ಸಾಲು.

ಬಿಡಿಭಾಗ ಬರಲು ಹತ್ತು ದಿನ ಹಿಡಿಯಿತು. ಆಮೇಲೆ ಇನ್ನೊಂದು ಫೋನು. "ಮೇಡಂ, ಯಾವುದೋ ಕೀ ಕೇಳುತ್ತಿದೆ, ಹೇಳಿ, ಇಲ್ಲವಾದರೆ ಫಾರ್ಮ್ಯಾಟ್ ಮಾಡುತ್ತೇವೆ." ಇದು ಎಲ್ಲರೂ ತಿಳಿದಿರಬೇಕಾದ ಸಂಗತಿ. ಈಗಿನ ಅನೇಕ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕ ಕೂಡಲೇ ಡಿಸ್ಕಿಗೆ ಬಿಟ್‌ಲಾಕರ್ ಬೀಗ ತಾನಾಗಿ ಬೀಳುತ್ತದೆ. ಬೀಗ ತೆರೆಯುವ ಗುಟ್ಟು ಮದರ್‌ಬೋರ್ಡಿನಲ್ಲಿರುವ ಭದ್ರತಾ ಚಿಪ್‌ನ ಬಳಿ ಇರುತ್ತದೆ. ಬೋರ್ಡ್ ಬದಲಾದರೆ ಡಿಸ್ಕ್ ಹೊಸ ಬೋರ್ಡನ್ನು ಗುರುತಿಸದೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದು ಸಿಗದಿದ್ದರೆ ಕಡತಗಳು ಹೋದಂತೆಯೇ. ನನ್ನ ಕೀ ಮೈಕ್ರೋಸಾಫ್ಟ್ ಖಾತೆಯಲ್ಲೇ ಭದ್ರವಾಗಿತ್ತು; ಅಕ್ಕನ ಮಗ ಹುಡುಕುವ ಬಗೆ ತೋರಿಸಿದ, ಕಾಗದದ ಮೇಲೆ ಬರೆದುಕೊಂಡೆ. ಫೋನಿನಲ್ಲಿ ಹೇಳಲಿಲ್ಲ. ಸಂಘಗಳ ಸದಸ್ಯರ ಹೆಸರು, ಸಾಲದ ಬಾಕಿ ಎಲ್ಲ ಅದರಲ್ಲಿವೆ, ಅವು ನನ್ನನ್ನು ನಂಬಿ ಕೊಟ್ಟವು. "ಹಾಗೆಯೇ ಇಡಿ, ನಾನೇ ಬಂದು ಹಾಕುತ್ತೇನೆ" ಎಂದೆ.

ಆಗಸ್ಟ್ 4ರಂದು ನಾನೇ ಹೋದೆ. ಕೌಂಟರಿನಲ್ಲೇ ತೆರೆದು, ಕೀ ಹಾಕಿ, ನುಡಿ ತಂತ್ರಾಂಶ ತೆರೆದು 'ಹುಬ್ಬಳ್ಳಿ' ಎಂದು ಟೈಪ್ ಮಾಡಿದೆ. ಪರದೆಯ ಮೇಲೆ ಮೂಡಿದ್ದು 'ಹುಬಬಳಳಿ'. 'ಅಧ್ಯಕ್ಷರು' ಎಂದು ಟೈಪ್ ಮಾಡಿದೆ, 'ಅಧಯಕಷರು' ಎಂದು ಬಂತು. ನುಡಿಯ ವಿನ್ಯಾಸದಲ್ಲಿ ಒತ್ತಕ್ಷರ ಕೂಡಿಸುವುದು ಎಫ್ ಕೀಲಿ. ಆ ಒಂದು ಕೀಲಿ ಕೆಲಸ ಮಾಡದಿದ್ದರೆ ಕನ್ನಡದಲ್ಲಿ ಅರ್ಧ ಪುಟವನ್ನೂ ಬರೆಯಲಾಗದು. ಅದರ ಜೊತೆಗೆ ಇನ್ನೆರಡು ಕೀಲಿಗಳೂ ಸತ್ತಿದ್ದವು. ಬೋರ್ಡ್ ಬದಲಿಸುವಾಗ ಕೀಲಿಮಣೆಯ ತೆಳುಪಟ್ಟಿಯನ್ನು ಸರಿಯಾಗಿ ಕೂರಿಸದಿದ್ದರೆ ಹೀಗಾಗುತ್ತದೆ. ತಳ ತಿರುಗಿಸಿ ನೋಡಿದರೆ ಎರಡು ಸ್ಕ್ರೂ ಇರಲಿಲ್ಲ. ಜುಲೈ 21ರ ಫೋಟೊದಲ್ಲಿ ಇದ್ದವು. ಫೋಟೊ ತೋರಿಸಿದೆ. ವಾದವೇ ನಡೆಯಲಿಲ್ಲ, ಒಳಗೆ ಒಯ್ದು ಇಪ್ಪತ್ತು ನಿಮಿಷದಲ್ಲಿ ಎರಡನ್ನೂ ಸರಿ ಮಾಡಿ ತಂದರು. ಆ ಇಪ್ಪತ್ತು ನಿಮಿಷವನ್ನು ಅಲ್ಲೇ ಕಾಯದೆ ಹೊರಟಿದ್ದರೆ ಎರಡು ಸ್ಕ್ರೂ, ಒಂದು ಪಟ್ಟಿಗಾಗಿ ಇನ್ನೊಮ್ಮೆ ಘಟ್ಟ ಹತ್ತಬೇಕಿತ್ತು. ಎಲ್ಲವನ್ನೂ ನೋಡಿದ ಮೇಲಷ್ಟೇ ಒಟಿಪಿ ಕೊಟ್ಟೆ.

ಒಂದು ಒಳ್ಳೆಯ ಮಾತನ್ನೂ ಹೇಳಬೇಕು. ಬದಲಿಸಿದ ಬಿಡಿಭಾಗದ ವಿವರ ಬರಹದಲ್ಲಿ ಬೇಕು ಎಂದಾಗ ಕೌಂಟರಿನ ಅದೇ ಹುಡುಗ ಮದರ್‌ಬೋರ್ಡಿನ ಭಾಗ ಸಂಖ್ಯೆ, ಅಳವಡಿಸಿದ ದಿನಾಂಕ ಇದ್ದ ಸರ್ವಿಸ್ ರಿಪೋರ್ಟನ್ನು ಮುದ್ರಿಸಿ, ಮುದ್ರೆ ಒತ್ತಿ ಕೊಟ್ಟ. ಕೇಳಿದವರಿಗೆ ಮಾತ್ರ ಕೊಡುವ ಕಾಗದ ಅದು. ಮುಂದೆ ನನ್ನನ್ನು ಉಳಿಸಿದ್ದು ಆ ಒಂದು ಹಾಳೆ. ಅವನು ಕೆಟ್ಟ ಹುಡುಗನಲ್ಲ. ಬೆಳಗಿನಿಂದ ಸಂಜೆಯವರೆಗೆ ನಿಂತ ಸಾಲನ್ನು ಒಬ್ಬನೇ ಸಾಗಹಾಕಬೇಕು, ಸಿದ್ಧ ಪಟ್ಟಿಯಲ್ಲೊಂದನ್ನು ಆರಿಸಿದರೆ ಸಾಲು ಬೇಗ ಸರಿಯುತ್ತದೆ. ಅಂಥ ಪಟ್ಟಿ ಮಾಡಿಕೊಟ್ಟು ಅವನನ್ನು ಅಲ್ಲಿ ಕೂರಿಸಿದವರ ಮೇಲೆ ನನ್ನ ಸಿಟ್ಟು.

ಹದಿನಾರು ದಿನ ಲ್ಯಾಪ್‌ಟಾಪ್ ಚೆನ್ನಾಗಿ ನಡೆಯಿತು. ಮೂರು ಸಂಘಗಳ ವರದಿ ಮುಗಿಸಿದೆ. ಆಗಸ್ಟ್ 20ರ ಬೆಳಿಗ್ಗೆ ಗುಂಡಿ ಒತ್ತಿದರೆ ಜೀವವೇ ಇಲ್ಲ, ಚಾರ್ಜರ್ ಹಾಕಿದರೆ ದೀಪವೂ ಇಲ್ಲ. 22ಕ್ಕೆ ಮತ್ತೆ ಹುಬ್ಬಳ್ಳಿ. ಚೌತಿಗೆ ಎರಡು ದಿನ ಇರುವಾಗ, 25ರಂದು, ಮನೆಯಲ್ಲಿ ಆಯಿ ಮತ್ತು ನಾನು ಕರ್ಜಿಕಾಯಿಗೆ ಹಿಟ್ಟು ನಾದುತ್ತಿದ್ದಾಗ ಫೋನ್ ಬಂತು. ಬೋರ್ಡಿನಲ್ಲಿ ತುಕ್ಕು ಇದೆ, ನೀರು ತಗುಲಿದ ಗುರುತು, ಇದು ಗ್ರಾಹಕರಿಂದಾದ ಹಾನಿ, ವಾರಂಟಿಗೆ ಸೇರುವುದಿಲ್ಲ, 21,400 ರೂಪಾಯಿ ಆಗುತ್ತದೆ. "ನೀವು ಸಮುದ್ರದ ಕಡೆಯವರಲ್ಲವೇ ಮೇಡಂ, ಅಲ್ಲಿಂದ ಬರುವ ಯಂತ್ರಗಳಲ್ಲಿ ಹೀಗೇ ಆಗಿರುತ್ತದೆ" ಎಂದರು.

ಉಪ್ಪುಗಾಳಿಯ ಗುಣ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಿಟಕಿಯ ಸರಳು, ಬಾಗಿಲ ಚಿಲಕ, ಸೈಕಲ್ಲಿನ ಚೈನು ಇವುಗಳ ಮೇಲೆ ಅದು ಮಾಡುವುದನ್ನು ದಿನವೂ ನೋಡುತ್ತೇವೆ. ಆದರೆ ಅದು ವರ್ಷಗಟ್ಟಲೆ ತಿನ್ನುವ ಗಾಳಿ. ಅದೇ ಕೋಣೆಯಲ್ಲಿ, ಅದೇ ಮೇಜಿನ ಮೇಲೆ ನನ್ನ ಡೆಸ್ಕ್‌ಟಾಪ್ ಒಂಬತ್ತು ಮಳೆಗಾಲ ಕಂಡಿದೆ, ಇಂದಿಗೂ ನಡೆಯುತ್ತದೆ. ಲ್ಯಾಪ್‌ಟಾಪಿನ ಹತ್ತಿರ ನಾನು ನೀರಿನ ಲೋಟ ಇಟ್ಟವಳಲ್ಲ. ಇವೆಲ್ಲ ನನ್ನ ಮಾತು, ಅವರು ನಂಬಬೇಕೆಂದಿಲ್ಲ. ನಂಬಲೇಬೇಕಾದದ್ದು ಆ ಹುಡುಗ ಮುದ್ರಿಸಿಕೊಟ್ಟ ಹಾಳೆಯಲ್ಲಿತ್ತು. ಈ ಬೋರ್ಡನ್ನು ಅಳವಡಿಸಿದವರು ಅವರೇ. ಅದು ನನ್ನ ಮನೆಯಲ್ಲಿ ಇದ್ದದ್ದು ಹದಿನೆಂಟೇ ದಿನ. ಅವರು ಕಳಿಸಿದ ಫೋಟೊದಲ್ಲಿ ಕನೆಕ್ಟರಿನ ಸುತ್ತ ಹಸಿರು ಬಣ್ಣದ ತುಕ್ಕು ದಪ್ಪಗೆ ಕಟ್ಟಿತ್ತು. ಕಂಪನಿಗಳು ವಾರಂಟಿಯಲ್ಲಿ ಹಾಕುವ ಬಿಡಿಭಾಗ ಹೊಸದೇ ಆಗಿರಬೇಕೆಂದಿಲ್ಲ, ಬೇರೆ ಯಂತ್ರದಿಂದ ತೆಗೆದು ಸರಿಪಡಿಸಿದ್ದೂ ಆಗಿರಬಹುದು ಎಂದು ವಾರಂಟಿಯ ಷರತ್ತಿನಲ್ಲೇ ಬರೆದಿದೆ. ಇದೂ ಅಂಥದ್ದೇ ಎಂದು ನನ್ನ ನಂಬಿಕೆ. ಇನ್ನೊಂದು ಅನುಮಾನವೂ ಇತ್ತು. ಬೋರ್ಡ್ ಬದಲಾದ ಮೇಲೆ ಕಂಪನಿಯ ಆ್ಯಪ್ ಯಂತ್ರದ ಸೀರಿಯಲ್ ಸಂಖ್ಯೆಯ ಜಾಗವನ್ನು ಖಾಲಿ ತೋರಿಸುತ್ತಿತ್ತು. ತಳದ ಚೀಟಿಯಲ್ಲಿರುವ ಸಂಖ್ಯೆಯನ್ನು ಹೊಸ ಬೋರ್ಡಿಗೂ ಬರೆಯಬೇಕು, ಅದನ್ನು ಅವರು ಮಾಡಿರಲಿಲ್ಲ. ಅಷ್ಟನ್ನೂ ಪೂರೈಸದ ಕೈಗಳು ಬೋರ್ಡಿನ ತುಕ್ಕನ್ನು ನೋಡದೆಯೇ ಅಳವಡಿಸಿರುವುದು ಅಸಂಭವವೇನಲ್ಲ.

ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅತ್ತಲಿಂದ ಉತ್ತರ ಬರಲಿಲ್ಲ. "ಎಸ್ಟಿಮೇಟ್ ಒಪ್ಪುತ್ತೀರೋ ಇಲ್ಲವೋ" ಎಂದಷ್ಟೇ ಮತ್ತೆ ಕೇಳಿದರು. ಒಪ್ಪುವುದಿಲ್ಲ, ಯಂತ್ರವನ್ನು ವಾಪಸೂ ಪಡೆಯುವುದಿಲ್ಲ, ನಿಮ್ಮ ನಿರ್ಧಾರವನ್ನು ಬರಹದಲ್ಲಿ ಕಳಿಸಿ ಎಂದೆ. ಆ ಚೌತಿಯಲ್ಲಿ ಗಣಪತಿಯ ಎದುರು ಕುಳಿತರೂ ಮನಸ್ಸು ಹುಬ್ಬಳ್ಳಿಯಲ್ಲೇ ಇತ್ತು.

ಹಬ್ಬ ಮುಗಿದ ಮೇಲೆ, 29ರಂದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ದೂರು ಹೇಳಿದೆ. ಆ ಹೆಣ್ಣುಮಗಳು ತಾಳ್ಮೆಯಿಂದ ಕೇಳಿ, ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದಳು. ಎರಡು ತಿಂಗಳಲ್ಲಿ ಹಾಗೆ ಓದಿ ಹೇಳಿದವರು ಅವಳೊಬ್ಬಳೇ. ಸಹಾಯವಾಣಿಗೆ ಆದೇಶ ಕೊಡುವ ಅಧಿಕಾರವಿಲ್ಲ, ಅವರು ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುತ್ತಾರೆ ಅಷ್ಟೆ. ಹಾಗಾಗಿ ಮರುದಿನ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಸ್ಪೀಡ್ ಪೋಸ್ಟಿನಲ್ಲಿ ಪತ್ರವನ್ನೂ ಕಳಿಸಿದೆ. ಬಿಲ್ಲು, ಮೂರು ಜಾಬ್ ಶೀಟ್, ಸರ್ವಿಸ್ ರಿಪೋರ್ಟ್, ಫೋಟೊಗಳು, ದಿನಾಂಕಗಳ ಪಟ್ಟಿ. ಕೊನೆಯಲ್ಲಿ ಹೀಗೆ ಬರೆದೆ: 15 ದಿನಗಳಲ್ಲಿ ಹೊಸ ಯಂತ್ರ ಕೊಡದಿದ್ದರೆ, ಇಲ್ಲವೇ ಹಣ ಹಿಂದಿರುಗಿಸದಿದ್ದರೆ, ಕಾರವಾರದಲ್ಲಿರುವ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಕೊಡುತ್ತೇನೆ.

ಬೆದರಿಸಲೆಂದು ಬರೆದದ್ದಲ್ಲ, ಹೋಗುವುದೆಂದೇ ನಿಶ್ಚಯಿಸಿದ್ದೆ. ನಮ್ಮ ಬೀದಿಯ ವಕೀಲರೊಬ್ಬರು ಕುಳಿತು ವಿವರಿಸಿದ್ದರು. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಕಚೇರಿ ಇರುವ ದೂರದ ಊರಿಗೆ ಹೋಗಬೇಕಾಗಿಲ್ಲ. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ವಕೀಲರನ್ನು ಇಡದೆ ತಾವೇ ವಾದಿಸಬಹುದು. ದೋಷ ಕಂಡಂದಿನಿಂದ ಎರಡು ವರ್ಷದ ಕಾಲಾವಕಾಶ ಇದೆ. ಆನ್‌ಲೈನಿನಲ್ಲಿ ಇ-ಜಾಗೃತಿ ತಾಣದ ಮೂಲಕವೂ ಸಲ್ಲಿಸಬಹುದು. ದೋಷ ಸರಿಪಡಿಸಿ, ಬೇರೆ ವಸ್ತು ಕೊಡಿ, ಹಣ ಮರಳಿಸಿ ಎಂದು ಆದೇಶಿಸುವ ಅಧಿಕಾರ ಆಯೋಗಕ್ಕೆ ಇದೆ. "ನಿಮ್ಮ ಹತ್ತಿರ ಕಾಗದ ಎಲ್ಲ ಇದೆಯಲ್ಲ, ಎಷ್ಟೋ ಜನ ಬರುವಾಗ ಬಿಲ್ಲು ಕೂಡ ತರುವುದಿಲ್ಲ" ಎಂದರು ಅವರು.

ಸೆಪ್ಟೆಂಬರ್ 8ರಂದು ಕಂಪನಿಯಿಂದ ಬೇರೆಯೇ ದನಿಯ ಫೋನು ಬಂತು. ವಿಶೇಷ ಪ್ರಕರಣವೆಂದು ಬೋರ್ಡನ್ನು ಉಚಿತವಾಗಿ ಬದಲಿಸುತ್ತೇವೆ ಎಂದರು. ಒಪ್ಪಲಿಲ್ಲ. ಮೂರು ಸಲ ಒಳಹೋಗಿ ಬಂದ ಯಂತ್ರದ ಮೇಲೆ ನನಗೆ ನಂಬಿಕೆ ಉಳಿದಿರಲಿಲ್ಲ, ಮತ್ತು ಅದು ವಿಶೇಷ ಪ್ರಕರಣವೂ ಆಗಿರಲಿಲ್ಲ, ನನ್ನ ಹಕ್ಕಾಗಿತ್ತು. ಎರಡು ದಿನ ಬಿಟ್ಟು, ಸರಿಪಡಿಸಿದ ಹಳೆಯ ಯಂತ್ರ ಕೊಡುತ್ತೇವೆ ಎಂದರು. ಅದಕ್ಕೂ ಒಪ್ಪಲಿಲ್ಲ. ಕೊನೆಗೆ 23ರಂದು ಅದೇ ಮಾದರಿಯ ಹೊಸ ಲ್ಯಾಪ್‌ಟಾಪ್ ಕುಮಟಾದ ಅಂಗಡಿಗೆ ಬಂತು. ಅಂಗಡಿಯ ಅಣ್ಣ ಡಬ್ಬದ ಸೀಲು ಒಡೆಯದೆ ನನಗಾಗಿ ಕಾದಿದ್ದರು. ಒಡೆಯುವುದರಿಂದ ಹಿಡಿದು ಪರದೆ ಬೆಳಗುವವರೆಗೆ ವಿಡಿಯೊ ಮಾಡಿದೆವು. ನುಡಿ ಹಾಕಿ 'ಹುಬ್ಬಳ್ಳಿ' ಎಂದು ಟೈಪ್ ಮಾಡಿದೆ. ಒತ್ತಕ್ಷರ ಎರಡೂ ಸರಿಯಾಗಿ ಕುಳಿತವು.

ಅಷ್ಟು ಹೊತ್ತಿಗೆ ಸಂಘಗಳ ವರದಿ ಎಲ್ಲ ಅಚ್ಚಾಗಿ ಹೋಗಿತ್ತು. ಉಳಿದ ಐದನ್ನು ನಾನು ಮಾಡಿದ್ದು ಹಳೆಯ ಡೆಸ್ಕ್‌ಟಾಪಿನಲ್ಲಿ, ಒಂದೊಂದು ಪುಟ ತೆರೆಯಲು ಕಾಯುತ್ತಾ.

ಯಾರಿಗೆ ಎಷ್ಟು ಅಂಕ ಎಂದು ಕೇಳಿದರೆ ಹೇಳುತ್ತೇನೆ. ಅಂಗಡಿಗೆ ಐದಕ್ಕೆ ನಾಲ್ಕು. ಆನ್‌ಸೈಟ್ ವಿಷಯ ವಿಚಾರಿಸದೆ ಹೇಳಿದ್ದಕ್ಕೆ ಒಂದು ಕಡಿಮೆ, ಉಳಿದಂತೆ ಪ್ರತಿ ಸಲವೂ ನನ್ನ ಪರವಾಗಿ ತಮ್ಮ ಕಡೆಯಿಂದ ಮಿಂಚಂಚೆ ಕಳಿಸಿದರು. ಸರ್ವಿಸ್ ಸೆಂಟರಿಗೆ ಒಂದು, ಅದೂ ಮುದ್ರೆ ಒತ್ತಿದ ಆ ಹಾಳೆಗಾಗಿ. ಕಂಪನಿಯ ಟೋಲ್ ಫ್ರೀ ಸಂಖ್ಯೆಗೆ ಏನೂ ಇಲ್ಲ. ಸೌಜನ್ಯದಿಂದ ಮಾತನಾಡುತ್ತಾರೆ, ಪ್ರತಿ ಸಲವೂ ಕಥೆಯನ್ನು ಮೊದಲಿನಿಂದ ಹೇಳಿಸುತ್ತಾರೆ, '48 ಗಂಟೆಗಳಲ್ಲಿ ಕರೆ ಬರುತ್ತದೆ' ಎನ್ನುತ್ತಾರೆ, ಒಮ್ಮೆಯೂ ಬರಲಿಲ್ಲ. 1915ಕ್ಕೆ ಐದು. ಈಗ ಬಂದಿರುವ ಲ್ಯಾಪ್‌ಟಾಪಿಗೆ ಅಂಕ ಕೊಡಲು ಒಂದು ಮಳೆಗಾಲವಾದರೂ ಕಳೆಯಬೇಕು.

ಒಂದು ಬಾಕಿ ಉಳಿದಿದೆ. ಬದಲಿಯಾಗಿ ಬಂದ ಯಂತ್ರಕ್ಕೆ ಹೊಸ ವಾರಂಟಿ ಕೊಡದೆ, ಹಳೆಯದರ ಉಳಿದ ಅವಧಿಯನ್ನೇ ಮುಂದುವರಿಸಿದ್ದಾರೆ. 2026ರ ಜೂನ್ 13ಕ್ಕೆ ಮುಗಿಯುತ್ತದೆ ಎಂದು ಆ್ಯಪ್ ತೋರಿಸುತ್ತದೆ. ಯಂತ್ರ ಹುಬ್ಬಳ್ಳಿಯಲ್ಲಿ ಕಳೆದ 53 ದಿನಗಳೂ ಅದರಲ್ಲಿ ಸೇರಿವೆ. ಅಷ್ಟು ದಿನವನ್ನಾದರೂ ಕೂಡಿಸಿ ಕೊಡಿ ಎಂದು ಇನ್ನೊಂದು ಪತ್ರ ಬರೆದಿದ್ದೇನೆ. ಉತ್ತರ ಬಂದಿಲ್ಲ. ಸ್ಪೀಡ್ ಪೋಸ್ಟಿನ ರಸೀದಿಯನ್ನು ಬಿಲ್ಲು, ಜಾಬ್ ಶೀಟುಗಳಿರುವ ಅದೇ ಲಕೋಟೆಯಲ್ಲಿ ಇಟ್ಟಿದ್ದೇನೆ.